ಟರ್ಕಿ ಬಿಟ್ಟು ಬಾತುಕೋಳಿಗೆ ಬಂದದ್ದು: ನಮ್ಮ ಮನೆಯ ಕ್ರಿಸ್‌ಮಸ್ ಊಟ

ಲೀಡ್ಸ್‌ನ ನಮ್ಮ ಮಾಂಸದಂಗಡಿಯಲ್ಲಿ ಕ್ರಿಸ್‌ಮಸ್ ಟರ್ಕಿ ಕೋಳಿಗೆ ಹೆಸರು ಬರೆಸುವುದು ನವೆಂಬರ್ ಶುರುವಿನಲ್ಲಿ. 2022ರಲ್ಲಿ ಹೋದಾಗ ಅಂಗಡಿಯವರು ಪುಸ್ತಕ ತೆರೆಯಲೇ ಇಲ್ಲ. "ಈ ಸಲ ಮಾತು ಕೊಡೋಕೆ ಆಗಲ್ಲ, ಸಾಕುವವರೇ ನಂಗೆ ಮಾತು ಕೊಡ್ತಿಲ್ಲ" ಅಂದರು. ಆ ವರ್ಷ ಬ್ರಿಟನ್ನಿನಲ್ಲಿ ಹಕ್ಕಿಜ್ವರ ಹಿಂದೆಂದೂ ಕಾಣದಷ್ಟು ಹರಡಿತ್ತು. ನವೆಂಬರ್ 7ರಿಂದ ಇಂಗ್ಲೆಂಡಿನ ಸಾಕುಹಕ್ಕಿಗಳನ್ನೆಲ್ಲ ಒಳಗೇ ಇಡಬೇಕೆಂದು ಸರ್ಕಾರದ ಆದೇಶವಾಯಿತು. ಹೊರಗೆ ಮೇಯಿಸಿ ಬೆಳೆಸುವ ಕ್ರಿಸ್‌ಮಸ್ ಟರ್ಕಿಗಳು ಹನ್ನೆರಡು ಹದಿಮೂರು ಲಕ್ಷ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಗಿಬಿಟ್ಟಿವೆ ಎಂದು ಕೋಳಿ ಉದ್ಯಮದವರು ಸಂಸದರ ಮುಂದೆ ಹೇಳಿದ್ದು ಸುದ್ದಿಯಲ್ಲಿ ಬಂತು.

ಸಾಕಿದವರ ಪಾಲಿಗೆ ಅದು ದೊಡ್ಡ ದುಃಖ. ಅದನ್ನು ಮರೆಯದೆಯೇ ಹೇಳುತ್ತೇನೆ, ಅಂಗಡಿಯಿಂದ ಮನೆಗೆ ನಡೆಯುವಾಗ ನನಗೆ ಒಂದು ಭಾರ ಇಳಿದಂತಾಗಿತ್ತು. 2014ರಿಂದ ವರ್ಷ ತಪ್ಪದೆ ಟರ್ಕಿ ಸುಟ್ಟಿದ್ದೆ. ಉಪ್ಪುನೀರಿನಲ್ಲಿ ಒಂದು ದಿನ ನೆನೆಸಿ ನೋಡಿದ್ದೆ, ಚರ್ಮದಡಿ ಬೆಣ್ಣೆ ತುಂಬಿ ನೋಡಿದ್ದೆ, ಎದೆ ಕೆಳಗೆ ಮಾಡಿ ಮಲಗಿಸಿ ನೋಡಿದ್ದೆ. ಕಷ್ಟ ಇರುವುದು ಆ ಹಕ್ಕಿಯ ಮೈಕಟ್ಟಿನಲ್ಲೇ. ಎದೆಯ ಮಾಂಸದಲ್ಲಿ ಕೊಬ್ಬಿಲ್ಲ, ಬೇಗ ಬೇಯುತ್ತದೆ. ತೊಡೆಗೆ ಇನ್ನೂ ಹೊತ್ತು ಬೇಕು. ತೊಡೆ ಹದಕ್ಕೆ ಬರುವಷ್ಟರಲ್ಲಿ ಎದೆ ಒಣಗಿರುತ್ತದೆ. ಐದಾರು ಕಿಲೋ ತೂಗುವ ಹಕ್ಕಿಯಲ್ಲಿ ಈ ಅಂತರ ತುಂಬುವುದು ಸುಲಭವಲ್ಲ. ಮಕ್ಕಳು ಆಲೂಗಡ್ಡೆ ತಿಂದು ಏಳುತ್ತಿದ್ದರು, ಉಳಿದ ಟರ್ಕಿ 30ನೇ ತಾರೀಖಿನವರೆಗೂ ಫ್ರಿಜ್ಜಿನಲ್ಲಿರುತ್ತಿತ್ತು.

ನನ್ನ ಊರು ವಿರಾಜಪೇಟೆ. ಅಲ್ಲಿನ ಸಂತ ಅನ್ನಮ್ಮ ಚರ್ಚು 1792ರದ್ದು, ಮಧ್ಯರಾತ್ರಿ ಪೂಜೆ ಮುಗಿಸಿ ಮಂಜಿನಲ್ಲಿ ನಡೆದು ಬಂದವರಿಗೆ ಮನೆಯಲ್ಲಿ ಕಾಯುತ್ತಿದ್ದುದು ಹಂದಿಮಾಂಸ. ಟರ್ಕಿ ಕೋಳಿಯನ್ನು ನಾನು ನೋಡಿದ್ದೇ ಇಂಗ್ಲೆಂಡಿಗೆ ಬಂದ ಮೇಲೆ. ಆದರೂ ಇಲ್ಲಿಯ ಹಬ್ಬವನ್ನು ಇಲ್ಲಿಯ ಹಾಗೆಯೇ ಮಾಡಬೇಕು ಎಂಬ ಹಟ ನನಗಿತ್ತು. ಪಕ್ಕದ ಮನೆಯ ಅಜ್ಜಿ ಆ ಹಟ ಸಡಿಲಿಸಿದರು. ಅವರು ಹುಟ್ಟಿದ್ದು 1940ರ ದಶಕದಲ್ಲಿ. ಚಿಕ್ಕಂದಿನಲ್ಲಿ ಅವರ ಮನೆಯ ಕ್ರಿಸ್‌ಮಸ್‌ಗೆ ಹಿತ್ತಲಲ್ಲಿ ಸಾಕಿದ ಹುಂಜವೇ ಇರುತ್ತಿತ್ತಂತೆ, ಟರ್ಕಿ ಕೊಳ್ಳುವ ಶಕ್ತಿ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲವಂತೆ. ಟರ್ಕಿ ಅಮೆರಿಕದ ಹಕ್ಕಿ, ಇಂಗ್ಲೆಂಡಿಗೆ ಬಂದದ್ದು 16ನೇ ಶತಮಾನದಲ್ಲಿ. ತಂದವನೆಂಬ ಹೆಸರು ನಮ್ಮ ಯಾರ್ಕ್‌ಶೈರಿನವನೇ ಆದ ವಿಲಿಯಂ ಸ್ಟ್ರಿಕ್‌ಲ್ಯಾಂಡನದು. ಬ್ರಿಡ್ಲಿಂಗ್‌ಟನ್ ಕಡಲತೀರಕ್ಕೆ ಹೋಗುವಾಗ ಅವನ ಊರು ಬಾಯ್ಂಟನ್ ಸಿಗುತ್ತದೆ. ಅಲ್ಲಿನ ಚರ್ಚಿನಲ್ಲಿ ಬೈಬಲ್ ಇಡುವ ಪೀಠವೇ ಟರ್ಕಿಯ ಆಕಾರದ್ದು. ಅದಕ್ಕೂ ಮೊದಲು, ಅದಾದ ಮೇಲೂ ಎಷ್ಟೋ ಕಾಲ, ಇಲ್ಲಿನ ಜನಸಾಮಾನ್ಯರ ಹಬ್ಬದ ಹಕ್ಕಿ ಹೆಬ್ಬಾತು, ಇವರ ಗೂಸ್. ವಿಕ್ಟೋರಿಯಾ ಕಾಲದಲ್ಲಿ ಕೂಲಿಯವರು ವಾರವಾರ ಚಿಲ್ಲರೆ ಕಟ್ಟಿ ಡಿಸೆಂಬರಿಗೆ ಒಂದು ಹೆಬ್ಬಾತು ಪಡೆಯುವ ಚೀಟಿಗಳೇ ಇದ್ದವು. ಇದನ್ನೆಲ್ಲ ಕೇಳಿದ ಮೇಲೆ, ಟರ್ಕಿ ಬಿಟ್ಟರೆ ಹಬ್ಬಕ್ಕೆ ಕುಂದು ಎಂಬ ಅಂಜಿಕೆ ಹೋಯಿತು.

ಆಮೇಲಿನದು ಆಯ್ಕೆ. ನಾನು ಮಾಡಿದ ತಪ್ಪು ಇಲ್ಲೇ: ಯಾವ ಮಾಂಸ ಎಂದು ಮೊದಲು ಯೋಚಿಸಿದೆ, ಯಾರು ಕೂರುತ್ತಾರೆ ಎಂದು ಆಮೇಲೆ. ನಮ್ಮ ಮೇಜಿಗೆ ಒಂಬತ್ತು ಜನ. ನಾವು ನಾಲ್ವರು, ಅತ್ತೆ, ಪಕ್ಕದ ಮನೆಯ ಅಜ್ಜಿ, ಹುಬ್ಬಳ್ಳಿ ಕಡೆಯ ಗೆಳತಿ, ಅವಳ ಗಂಡ, ಅವರ ಮಗ. ಗೆಳತಿ ಸಸ್ಯಾಹಾರಿ. ಅವಳ ಗಂಡನೂ ಮಗನೂ ಕೋಳಿ ತಿನ್ನುತ್ತಾರೆ, ದನ ಹಂದಿ ಮುಟ್ಟುವುದಿಲ್ಲ. ಹೀಗಿರುವಾಗ 2022ರಲ್ಲಿ ನಾನು ತಂದದ್ದು ನಾಲ್ಕು ಕಿಲೋ ಗ್ಯಾಮನ್, ಅಂದರೆ ಉಪ್ಪಿನಲ್ಲಿ ಹದ ಮಾಡಿದ ಹಂದಿಯ ಹಿಂದೊಡೆ. ಕೊಡಗಿನ ನಾಲಿಗೆ ಹಂದಿಯತ್ತಲೇ ಎಳೆದಿತ್ತು.

ಗ್ಯಾಮನ್ ಮಾಡುವುದು ನಿಜಕ್ಕೂ ಸುಲಭ. ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಹೊಸ ನೀರಲ್ಲಿ ಮೆಣಸು, ಈರುಳ್ಳಿ ಹಾಕಿ ಬೇಯಿಸಿ, ಮೇಲಿನ ಚರ್ಮ ತೆಗೆದು, ಕೊಬ್ಬಿನ ಮೇಲೆ ಚೌಕ ಚೌಕ ಗೀರಿ, ಲವಂಗ ಚುಚ್ಚಿ, ಸಾಸಿವೆ ಮತ್ತು ಕಂದು ಸಕ್ಕರೆ ಸವರಿ ಓವನ್‌ಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಹೊಳೆಯುತ್ತದೆ. ತಣ್ಣಗೆ ತಿಂದರೂ ರುಚಿ. ಆದರೆ ಗೆಳತಿಯ ಮನೆಯವರಿಗಾಗಿ ಪಕ್ಕದಲ್ಲಿ ಸುಟ್ಟ ಒಂದು ಚಿಕ್ಕ ಕೋಳಿಯೇ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಅವರ ಮಗ ಮೇಜಿನ ನಡುವಿದ್ದ ದೊಡ್ಡ ತಟ್ಟೆಯನ್ನು ನೋಡಿ "ಅದು ನಮಗಲ್ಲ ಅಲ್ವಾ?" ಎಂದು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ. ಹಬ್ಬದ ನಡುತಟ್ಟೆ ಆದಷ್ಟು ಹೆಚ್ಚು ಜನರದ್ದಾಗಿರಬೇಕು. ದನದ ಪಕ್ಕೆಲುಬಿನ ರೋಸ್ಟು ಇಲ್ಲಿನ ಎಷ್ಟೋ ಮನೆಗಳಲ್ಲಿ ಟರ್ಕಿಯ ಜಾಗಕ್ಕೆ ಬಂದಿದೆ. ನಮ್ಮ ಮನೆಗೆ ಅದು ಬಾರದ್ದು ಇದೇ ಕಾರಣಕ್ಕೆ.

2023ಕ್ಕೆ ಹೆಬ್ಬಾತು. 5 ಕಿಲೋಗೆ 95 ಪೌಂಡ್ ಕೊಟ್ಟೆ. ಬೆಲೆಗೆ ಕಾರಣ ಇದೆ: ಹೆಬ್ಬಾತು ಮೊಟ್ಟೆ ಇಡುವುದು ವಸಂತದಲ್ಲಿ ಮಾತ್ರ, ಮರಿಗಳು ಬೇಸಿಗೆಯೆಲ್ಲ ಹುಲ್ಲು ಮೇಯ್ದು ಬೆಳೆಯಬೇಕು. ವರ್ಷವಿಡೀ ಶೆಡ್ಡಿನಲ್ಲಿ ಕೋಳಿಯಂತೆ ಬೆಳೆಸಲು ಆಗುವುದಿಲ್ಲ. ಒಳಗೆ ಎಲುಬು ಬಹಳ, ಮಾಂಸ ಕಡಿಮೆ, ಚರ್ಮದಡಿ ಕೊಬ್ಬಿನ ದಪ್ಪ ಪದರ. ಆ ಕೊಬ್ಬು ಎಷ್ಟು ಇಳಿಯುತ್ತದೆ ಎಂದು ನಾನು ಅಂದಾಜು ಮಾಡಿರಲಿಲ್ಲ. ತಗ್ಗು ಟ್ರೇ ಇಟ್ಟಿದ್ದರಿಂದ ಒಂದೂವರೆ ಗಂಟೆಗೆ ಕೊಬ್ಬು ಅಂಚು ದಾಟಿ ಓವನ್ ತಳಕ್ಕೆ ಹರಿಯಿತು, ಅಡುಗೆಮನೆ ತುಂಬ ಹೊಗೆ, ಅಲಾರಾಂ ಕೂಗಿತು, ಡಿಸೆಂಬರ್ ಚಳಿಯಲ್ಲಿ ಕಿಟಕಿ ಬಾಗಿಲೆಲ್ಲ ತೆರೆದು ಕೂತೆವು. ಹೆಬ್ಬಾತು ಮಾಡುವವರು ಆಳವಾದ ಟ್ರೇ, ಅದರೊಳಗೆ ಎತ್ತರದ ಜಾಲರಿ ಇಡಲೇಬೇಕು, ಅರ್ಧ ಗಂಟೆಗೊಮ್ಮೆ ಕೊಬ್ಬು ಬಸಿಯಲೇಬೇಕು. ಬಸಿದದ್ದು ಚಿನ್ನ. ಎರಡು ಜಾಡಿ ಬಂತು, ಆಲೂಗಡ್ಡೆಗೆ ಮಾರ್ಚ್‌ವರೆಗೆ ಬಳಸಿದೆ.

ಮಾಂಸ ಕಪ್ಪಗೆ, ಘನವಾಗಿ, ಚೆನ್ನಾಗಿತ್ತು. ಎಂಟು ಜನರಿಗೆ ಒಂದು ಸುತ್ತಿಗೆ ಸರಿಹೋಯಿತು, ಎರಡನೇ ಸುತ್ತಿಗೆ ಇರಲಿಲ್ಲ. ಆದರೆ ನನಗೆ ದಾರಿ ಸಿಕ್ಕಿದ್ದು ಆ ಊಟದಲ್ಲೇ. ಹೆಬ್ಬಾತಿನ ಜೊತೆ ಇಲ್ಲಿಯವರು ಬ್ರಾಮ್ಲಿ ಎಂಬ ಹುಳಿಸೇಬನ್ನು ಬೇಯಿಸಿ ಸಾಸ್ ಮಾಡಿ ಬಡಿಸುತ್ತಾರೆ. ಒಂದು ತುತ್ತು ಕೊಬ್ಬುಮಾಂಸ, ಅದಕ್ಕೊಂದು ಚೂರು ಹುಳಿ. ಇದು ನನಗೆ ಗೊತ್ತಿದ್ದ ಲೆಕ್ಕವೇ! ಕೊಡಗಿನ ಹಂದಿಸಾರಾದ ಪಂದಿಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕುವುದು ಇನ್ಯಾಕೆ? ಎದ್ದು ಹೋಗಿ ಕಪಾಟಿನಿಂದ ಅಮ್ಮ ಕಳಿಸಿದ್ದ ಕರಿ ಬಾಟಲಿ ತಂದು ಗ್ರೇವಿಗೆ ಅರ್ಧ ಚಮಚ ಬಿಟ್ಟೆ. ಅಜ್ಜಿ ಎರಡನೇ ಸಲ ಗ್ರೇವಿ ಕೇಳಿದರು. ಟರ್ಕಿಗೆ ನಾನು ಎಂಟು ವರ್ಷ ಹೊರಗಿನಿಂದ ಕೊಬ್ಬು ತುಂಬಲು ಒದ್ದಾಡಿದ್ದೆ. ಕೊಬ್ಬು ತನ್ನಲ್ಲೇ ಇರುವ ಹಕ್ಕಿ ಆರಿಸಿ, ಹುಳಿಯಿಂದ ಅದನ್ನು ಹದಕ್ಕೆ ತರುವುದು ನಮ್ಮ ಕೈಗೆ ಬಂದ ವಿದ್ಯೆ.

ಹಾಗಾಗಿ 2024ರಲ್ಲಿ ಬಾತು. ಒಂದು ಬಾತು 2 ಕಿಲೋ ಚಿಲ್ಲರೆ, ಮೂವರಿಗೆ ಸಾಕು. ಮೂರು ತಂದರೂ ಹೆಬ್ಬಾತಿನ ಅರ್ಧ ಬೆಲೆ ಆಗಲಿಲ್ಲ. ಆರು ತೊಡೆ ಸಿಗುವುದು ಇನ್ನೊಂದು ಅನುಕೂಲ, ಯಾರಿಗೆ ಯಾವ ತುಂಡು ಎಂಬ ಪೈಪೋಟಿ ಇಲ್ಲ.

ಮಾಡಿದ ರೀತಿ ಹೇಳುತ್ತೇನೆ. 24ರ ಬೆಳಗ್ಗೆ ಬಾತುಗಳನ್ನು ಕಾಗದದಿಂದ ಒತ್ತಿ ಒರೆಸಿದೆ. ಅಮ್ಮ ಕೋಳಿಯನ್ನು ಅರಿಶಿನ ಹಾಕಿ ನಾಲ್ಕು ಸಲ ತೊಳೆಯುವವಳು, ನಾನೂ ಬಹಳ ಕಾಲ ಹಾಗೇ ಮಾಡಿದೆ. ಇಲ್ಲಿನ ಆಹಾರ ಸುರಕ್ಷತಾ ಇಲಾಖೆ ಹಸಿ ಕೋಳಿ ತೊಳೆಯಬೇಡಿ ಎನ್ನುತ್ತದೆ, ಸಿಡಿಯುವ ನೀರಿನ ಜೊತೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಸುತ್ತಲಿನ ಪಾತ್ರೆ, ಕಟ್ಟೆಗೆಲ್ಲ ಹರಡುತ್ತದೆ ಎಂದು. ಈಗ ತೊಳೆಯುವುದಿಲ್ಲ. ದಪ್ಪ ಸೂಜಿಯಿಂದ ಚರ್ಮವನ್ನು ಓರೆಯಾಗಿ ಚುಚ್ಚಿದೆ, ಮಾಂಸಕ್ಕೆ ತಾಗದಂತೆ. ನೇರ ಚುಚ್ಚಿದರೆ ರಸವೂ ಸೋರುತ್ತದೆ. ಸಿಂಕಿನಲ್ಲಿ ಜಾಲರಿ ಮೇಲಿಟ್ಟು ಒಂದೊಂದಕ್ಕೂ ಒಂದು ಕೆಟಲ್ ಕುದಿನೀರನ್ನು ಮೆಲ್ಲಗೆ ಸುರಿದೆ. ಕಣ್ಣೆದುರೇ ಚರ್ಮ ಬಿಗಿಯುತ್ತದೆ. ಆಮೇಲೆ ಸಿಂಕನ್ನು ಸೋಪು ಹಾಕಿ ಚೆನ್ನಾಗಿ ಉಜ್ಜಿದೆ. ಒರೆಸಿ, ಉಪ್ಪು ಮತ್ತು ಜಜ್ಜಿದ ಕರಿಮೆಣಸು ತಿಕ್ಕಿ, ಫ್ರಿಜ್ಜಿನ ಕೆಳತಟ್ಟಿನಲ್ಲಿ ಮುಚ್ಚದೆ ರಾತ್ರಿಯಿಡೀ ಇಟ್ಟೆ. ಚರ್ಮ ಒಣಗಿದಷ್ಟೂ ಗರಿಗರಿ.

25ರಂದು 160 ಡಿಗ್ರಿಯಲ್ಲಿ, ಫ್ಯಾನ್ ಓವನ್, ಎರಡು ಗಂಟೆ. ಎರಡು ಬಾತು ಮೇಲಿನ ತಟ್ಟಿನಲ್ಲಿ, ಒಂದು ಕೆಳಗೆ. ಒಂದು ಗಂಟೆಗೆ ಜಾಗ ಬದಲು, ಅರ್ಧ ಗಂಟೆಗೊಮ್ಮೆ ಕೊಬ್ಬು ಬಸಿಯುವುದು. ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದ ಥರ್ಮಾಮೀಟರ್ 75 ಡಿಗ್ರಿ ತೋರಿಸಿದರೆ ತಿನ್ನಲು ಸುರಕ್ಷಿತ. ತೊಡೆ ಮೆತ್ತಗಾಗಲಿ ಎಂದು ನಾನು 82ರವರೆಗೆ ಬಿಟ್ಟೆ. ಹೊರತೆಗೆದು ಸಡಿಲವಾಗಿ ಫಾಯಿಲ್ ಮುಚ್ಚಿ 40 ನಿಮಿಷ ಆರಲು ಬಿಟ್ಟೆ. ಖಾಲಿಯಾದ ಓವನ್‌ಗೆ 220 ಡಿಗ್ರಿಯಲ್ಲಿ ಆಲೂಗಡ್ಡೆ ಹೋಯಿತು. ಒಂದೇ ಓವನ್ ಇರುವ ಮನೆಯಲ್ಲಿ ಈ 40 ನಿಮಿಷವೇ ಊಟವನ್ನು ಉಳಿಸುವುದು. ಕೊನೆಗೆ ಎರಡು ಚಮಚ ಜೇನು, ಎರಡು ಟೀಚಮಚ ಕಾಚಂಪುಳಿ, ಮೆಣಸಿನಪುಡಿ ಕಲಸಿ ಬಾತಿನ ಮೈಗೆಲ್ಲ ಸವರಿ, ಆಲೂಗಡ್ಡೆಯ ಜೊತೆಗೇ ಹತ್ತು ನಿಮಿಷ ಒಳಗಿಟ್ಟೆ. ಜೇನನ್ನು ಮೊದಲೇ ಸವರಿದರೆ ಕರಟಿ ಕಹಿಯಾಗುತ್ತದೆ. ಕಾಚಂಪುಳಿಯೂ ಅಷ್ಟೇ, ಹನಿ ಹೆಚ್ಚಾದರೆ ಹಲ್ಲು ಚುಳುಕೆನ್ನುತ್ತದೆ. ಹೊರಬಂದಾಗ ಚರ್ಮ ಹಳೆಯ ಬೀಟೆ ಮರದ ಬಣ್ಣಕ್ಕೆ ತಿರುಗಿತ್ತು.

ಗೆಳತಿಯ ಊಟದ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಸಸ್ಯಾಹಾರಿಗೆ ಇಲ್ಲಿ ನಟ್ ರೋಸ್ಟ್, ಅಂದರೆ ಬೀಜಗಳನ್ನು ಪುಡಿಮಾಡಿ ಅಚ್ಚಿನಲ್ಲಿ ಸುಟ್ಟದ್ದು, ಮಾಡಿಡುವುದು ರೂಢಿ, ನನ್ನ ಕೈಯಲ್ಲಿ ಅದು ಪ್ರತಿಸಲ ಒಣ ಇಟ್ಟಿಗೆಯಾಗಿದೆ. ಈ ಸಲ ಒಂದು ಕುಂಬಳವನ್ನು ಇಡಿಯಾಗಿ ಟೊಳ್ಳು ಮಾಡಿ, ಅನ್ನ, ಅಣಬೆ, ಬೇಯಿಸಿದ ಚೆಸ್ಟ್‌ನಟ್, ಸ್ವಲ್ಪ ಹುರಿದ ಕೊಬ್ಬರಿ ತುಂಬಿ, ಅದೇ ಜೇನು ಕಾಚಂಪುಳಿ ಸವರಿ ಬೇಯಿಸಿದೆ. ಸವರುವ ಬಟ್ಟಲು, ಕುಂಚ ಎರಡೂ ಬೇರೆ. ಬೆಳಗ್ಗೆಯೇ ಬೇಯಿಸಿಟ್ಟು, ಬಡಿಸುವ ಮುಂಚೆ ಮತ್ತೆ ಬಿಸಿ ಮಾಡಿದೆ. ಆಲೂಗಡ್ಡೆ ಎರಡು ಟ್ರೇ: ಒಂದು ಬಾತಿನ ಕೊಬ್ಬಿನಲ್ಲಿ, ಒಂದು ಎಣ್ಣೆಯಲ್ಲಿ. ಗ್ರೇವಿಯೂ ಎರಡು. ಹಿಂದಿನ ವರ್ಷ ಎಲ್ಲ ಆಲೂಗಡ್ಡೆಯನ್ನೂ ಹೆಬ್ಬಾತಿನ ಕೊಬ್ಬಿನಲ್ಲೇ ಸುಟ್ಟು, ಅವಳು ಕೈಚಾಚಿದಾಗ ತಡೆಯಬೇಕಾಗಿ ಬಂದಿತ್ತು. ಆ ಹೊತ್ತಿನ ಅವಳ ಮುಖ ಮತ್ತೆ ನೋಡಬಾರದು ಅಂತ. ಬ್ರಸೆಲ್ಸ್ ಮೊಳಕೆ ಕೋಸು ಸಾಸಿವೆ, ಕರಿಬೇವು ಬಿದ್ದ ಪಲ್ಯವಾಯಿತು.

ಕುಂಬಳವನ್ನು ಬಾತಿನ ಪಕ್ಕದಲ್ಲೇ, ನಡುಮೇಜಿನಲ್ಲಿ ಇಟ್ಟೆ. ಗೆಳತಿಯ ಮಗ ಬಾತಿನ ತೊಡೆಯನ್ನೂ ಕುಂಬಳದ ಹೋಳನ್ನೂ ತಾನೇ ಬಡಿಸಿಕೊಂಡ, ಯಾರನ್ನೂ ಕೇಳಲಿಲ್ಲ.

ಉಳಿದದ್ದು ಸ್ವಲ್ಪವೇ. 26ರಂದು ಎಲುಬಿನಿಂದ ಬಿಡಿಸಿದ ಮಾಂಸವನ್ನು ಈರುಳ್ಳಿ, ಹಸಿಮೆಣಸಿನ ಜೊತೆ ಹುರಿದು ಅಕ್ಕಿ ಒಟ್ಟಿಯಲ್ಲಿ, ಅಂದರೆ ನಮ್ಮ ಕಡೆಯ ಅಕ್ಕಿರೊಟ್ಟಿಯಲ್ಲಿ, ಸುತ್ತಿಕೊಂಡು ತಿಂದೆವು. ಎಲುಬುಗಳು ಮೆಣಸಿನ ಸಾರಿಗೆ ಹೋದವು. ಅಜ್ಜಿಗೆ ಒಂದು ಡಬ್ಬಿ ಸಾರು ಕೊಡಲು ಹೋದರೆ, ಆ ಕರಿ ಬಾಟಲಿಯ ಹೆಸರು ಬರೆದುಕೊಡು ಅಂದರು. ಈ ಸಲ ಊರಿಗೆ ಹೋದಾಗ ಎರಡು ತರಬೇಕು.