ಅಡಿಕೆ ದಬ್ಬೆ ಹಿಡಿದು ಕಾರು ನೋಡಲು ಹೋದದ್ದು

ಮಂಗಳೂರಿನ ಷೋರೂಮಿಗೆ ಹೊರಟ ದಿನ ನನ್ನ ಹಳೇ ಕಾರಿನ ಡಿಕ್ಕಿಯಲ್ಲಿ ಎರಡು ಸಾಮಾನು ಇದ್ದವು. ಒಂದು, ಹದಿನೇಳು ಸೆಂಟಿಮೀಟರಿಗೆ ಕತ್ತರಿಸಿ, ನೆಟ್ಟಗೆ ನಿಲ್ಲಲೆಂದು ಬುಡಕ್ಕೊಂದು ಹಲಗೆ ಬಡಿದ, ಅಡಿಕೆ ಮರ ಸೀಳಿ ತೆಗೆದ ದಬ್ಬೆಯ ತುಂಡು. ಇನ್ನೊಂದು, ಎರಡು ಕಡೆ ಗಂಟು ಹಾಕಿದ ಹಗ್ಗ. ದಬ್ಬೆ ಅಂದರೆ ನಮ್ಮ ಮನೆ ದಾರಿಯ ನಡುದಿಬ್ಬದ ಎತ್ತರ. ಹಗ್ಗ ಅಂದರೆ ದಾರಿಗೆ ಅಡ್ಡಗೋಲು ಹಾಕುವ ಉಣಗೋಲಿನ ಎರಡು ಕಂಬಗಳ ನಡುವಿನ ಜಾಗ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ. ಟಾರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಸಂಕ, ಅಂದರೆ ಸಣ್ಣ ಸೇತುವೆ, ಸಂಕ ದಾಟಿದ ಕೂಡಲೇ ಏರು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಚಕ್ರದ ಗುರುತು ಎರಡೂ ಕಡೆ ಆಳವಾಗುತ್ತದೆ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿಯುತ್ತದೆ. ಹನ್ನೊಂದು ವರ್ಷ ಓಡಿಸಿದ ನಮ್ಮ ಸೆಡಾನ್ ಕಾರಿನ ಹೊಟ್ಟೆ ಆ ದಿಬ್ಬಕ್ಕೆ ಎಷ್ಟು ಸಲ ಉಜ್ಜಿದೆಯೋ ಲೆಕ್ಕ ಇಟ್ಟಿಲ್ಲ. ಹೆಂಡತಿ ಡಾಕ್ಟರು, ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ಹೋಗುವುದು ಅರವತ್ತು, ಬರುವುದು ಅರವತ್ತು. ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಮಂಡಿನೋವಿನ ಅಮ್ಮ. ಮೂರು ವರ್ಷ ಅಡಿಕೆ ದುಡ್ಡು ಕೂಡಿಟ್ಟು, ಅವಳ ಗಳಿಕೆಯನ್ನೂ ಸೇರಿಸಿ, ಜೀವನದಲ್ಲಿ ಒಂದೇ ಸಲ ಇಷ್ಟು ದೊಡ್ಡ ಕಾರು ಅಂತ ನಿರ್ಧಾರ ಮಾಡಿದ್ದೆವು. ಮರ್ಸಿಡಿಸ್ ಜಿಎಲ್‌ಸಿ, ಬಿಎಂಡಬ್ಲ್ಯು ಎಕ್ಸ್3, ಆಡಿ ಕ್ಯೂ5, ವೋಲ್ವೊ ಎಕ್ಸ್‌ಸಿ60, ಈ ನಾಲ್ಕು ಹೆಸರು ಬರೆದುಕೊಂಡೆವು.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ರಾತ್ರಿ ಊಟವಾದ ಮೇಲೆ ಕಾಗದದ ಮೇಲೆ ಗೆರೆ ಎಳೆದು ಹೋಲಿಸುವುದು. ಹೋಲಿಸಿದಷ್ಟೂ ನಾಲ್ಕೂ ಒಂದೇ ಥರ ಕಾಣಿಸತೊಡಗಿದವು. ಅಗಲ ನೋಡಿದರೆ ಜಿಎಲ್‌ಸಿ 1890 ಮಿಲಿಮೀಟರ್, ಎಕ್ಸ್‌ಸಿ60 1902, ಹೊಸ ಎಕ್ಸ್3 1920. ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೆ ಯಾರು ಕಾರು ಬದಲಿಸುತ್ತಾರೆ? ಆದರೆ ಪಕ್ಕದ ಕನ್ನಡಿ ಬಿಡಿಸಿದರೆ ಎಲ್ಲವೂ ಎರಡು ಮೀಟರ್ ದಾಟುತ್ತವೆ. ಇದನ್ನು ಕಂಡ ಮೇಲೆಯೇ ಹಗ್ಗ ಹಿಡಿದು ಉಣಗೋಲಿನ ಹತ್ತಿರ ಹೋದದ್ದು. ಕಂಬ ಒಂದನ್ನು ಅರ್ಧ ಮೊಳ ಆಚೆ ನೆಡಬೇಕು ಅಂತ ಅಲ್ಲೇ ಗೊತ್ತಾಯಿತು. ನಾಲ್ಕರಲ್ಲಿ ಯಾವುದು ತಂದರೂ ನೆಡಲೇಬೇಕಿತ್ತು.

ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರವನ್ನು ಕಾಗದದ ಮೇಲೆ ಓದಿ ನಂಬಬೇಡಿ. ಖಾಲಿ ಕಾರಿನ ಲೆಕ್ಕ ಬೇರೆ, ಐದು ಜನ ಕೂತು ಡಿಕ್ಕಿ ತುಂಬಿದಾಗಿನ ಲೆಕ್ಕ ಬೇರೆ. ಪ್ರತಿ ಷೋರೂಮಿನಲ್ಲೂ ನಾವು ಐವರೂ ಹತ್ತಿ ಕೂತು, ಕಾರು ತೋರಿಸುವ ಹುಡುಗನಿಗೆ ದಬ್ಬೆ ಕೊಟ್ಟು ಕಾರಿನಡಿ ಜಾರಿಸಿ ನೋಡು ಅಂದೆ. ಪಾಪ, ಅವನು ಮುಜುಗರಪಡದೆ ಮಂಡಿಯೂರಿ ಮುಂದಿನ ಬಂಪರಿನಿಂದ ಹಿಂದಿನ ಆಕ್ಸಲ್ಲಿನವರೆಗೆ ಜಾರಿಸಿದ. ನೋಡಿದ ನಾಲ್ಕರಲ್ಲಿ ಒಂದಕ್ಕೆ ನಡುವೆ ಒಂದು ಕಡೆ ತಾಗಿತು. ಅದೇ ಕಾರು ಖಾಲಿ ಇದ್ದಾಗ ದಬ್ಬೆ ಸಲೀಸಾಗಿ ಹೋಗಿತ್ತು. ಆ ಒಂದು ಹೆಸರು ಅಲ್ಲೇ ಹೊಡೆದುಹಾಕಿದೆ.

ಟಯರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಲೆನಾಡಿನಲ್ಲಿ ದುಬಾರಿ ಕಾರು ಕೊಂಡವರು ಮೊದಲು ಕಣ್ಣೀರು ಹಾಕುವುದು ಇಲ್ಲೇ. ಟಯರಿನ ಮೇಲೆ 255/45 ಆರ್ 20 ಅಂತ ಬರೆದಿದೆ ಅಂದುಕೊಳ್ಳಿ. 255 ಅಂದರೆ ಮಿಲಿಮೀಟರಿನಲ್ಲಿ ಟಯರಿನ ಅಗಲ. ಅದರ ನೂರಕ್ಕೆ 45ರಷ್ಟು, ಅಂದರೆ ಸುಮಾರು 115 ಮಿಲಿಮೀಟರ್, ಪಕ್ಕದ ರಬ್ಬರಿನ ಎತ್ತರ. 20 ಅಂದರೆ ಇಂಚಿನಲ್ಲಿ ರಿಮ್ಮು. ಈಗ 235/60 ಆರ್ 18 ತೆಗೆದುಕೊಳ್ಳಿ. ರಬ್ಬರು 141 ಮಿಲಿಮೀಟರ್ ಆಗುತ್ತದೆ. ಎರಡು ಚಕ್ರಗಳ ಒಟ್ಟು ಎತ್ತರ ಹೆಚ್ಚು ಕಡಿಮೆ ಒಂದೇ, 738 ಮತ್ತು 739. ಅಂದರೆ ದೊಡ್ಡ ರಿಮ್ಮು ಹಾಕಿದರೆ ಕಾರು ಎತ್ತರ ಆಗುವುದಿಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ಇರುವ ಮೆತ್ತೆ ಒಂದಿಂಚು ತೆಳ್ಳಗಾಗುತ್ತದೆ. ಮಳೆಯಲ್ಲಿ ನೀರು ತುಂಬಿದ ಹೊಂಡದ ಅಂಚು ಕಾಣುವುದಿಲ್ಲ. ತೆಳ್ಳಗಿನ ಟಯರು ಅಲ್ಲಿ ಪಕ್ಕದಲ್ಲೇ ಸೀಳುತ್ತದೆ, ಪಕ್ಕ ಸೀಳಿದ ಟಯರಿಗೆ ಪ್ಯಾಚ್ ಹಾಕಲು ಬರುವುದಿಲ್ಲ. ನೋಡಲು ಚಂದ ಅಂತ 20 ಇಂಚಿಗೆ ಆಸೆ ಪಡಬೇಡಿ. ಒಂದೇ ಕಾರಿನಲ್ಲಿ ಚಿಕ್ಕ ರಿಮ್ಮಿನ ಆಯ್ಕೆ ಇದ್ದರೆ ಅದನ್ನೇ ಕೇಳಿ. ಸ್ಟೆಪ್ನಿ ಇದೆಯೋ ಇಲ್ಲವೋ, ಇದ್ದರೆ ಎಲ್ಲಿ ಇಟ್ಟಿದ್ದಾರೆ, ಅದನ್ನೂ ಡಿಕ್ಕಿ ತೆಗೆಸಿಯೇ ನೋಡಿ. ರನ್‌ಫ್ಲ್ಯಾಟ್ ಟಯರಿನ ಕಾರಾದರೆ ಗಾಳಿ ಹೋದ ಮೇಲೂ 80 ಕಿಲೋಮೀಟರ್ ವೇಗ ಮೀರದೆ ಸುಮಾರು 80 ಕಿಲೋಮೀಟರ್ ದೂರ ಓಡಿಸಬಹುದು. ಆದರೆ ಅದೇ ಅಳತೆಯ ಟಯರು ತೀರ್ಥಹಳ್ಳಿಯ ಅಂಗಡಿಯಲ್ಲಿ ಸಿಗುತ್ತದಾ ಅಂತ ಮೊದಲೇ ಹೋಗಿ ಕೇಳಿ. ನಾನು ಕೇಳಿದೆ. ತರಿಸಿಕೊಡುತ್ತೇವೆ ಅಂದರು, ದಿನ ಹೇಳಲಿಲ್ಲ.

ಡೀಸೆಲ್ಲಾ ಪೆಟ್ರೋಲಾ ಅನ್ನುವುದಕ್ಕೆ ಓಡಾಟವೇ ಉತ್ತರ ಕೊಟ್ಟಿತು. ನಾವು ನೋಡಿದ ಕ್ಯೂ5 ಮತ್ತು ಎಕ್ಸ್‌ಸಿ60 ಪೆಟ್ರೋಲಿನವು. ಎಕ್ಸ್3 ಮತ್ತು ಜಿಎಲ್‌ಸಿ ಎರಡರಲ್ಲೂ ಡೀಸೆಲ್ ಇದೆ. ಎಳೆಯುವ ಬಲ, ಅಂದರೆ ಟಾರ್ಕ್, ಜಿಎಲ್‌ಸಿ 220ಡಿಗೆ 440 ನ್ಯೂಟನ್ ಮೀಟರ್, ಎಕ್ಸ್3 20ಡಿಗೆ 400, ಕ್ಯೂ5ಗೆ 370, ಎಕ್ಸ್‌ಸಿ60ಗೆ 350. ಘಟ್ಟದಲ್ಲಿ ಲಾರಿ ಹಿಂದೆ ತೆವಳುತ್ತಾ ಹೋಗಿ ಒಂದು ಸಣ್ಣ ಜಾಗ ಸಿಕ್ಕಾಗ ಬೇಕಾಗುವುದು ಈ ಬಲ, ಅದೂ ಎಂಜಿನ್ ಕಿರುಚದೆ ಕಡಿಮೆ ಸುತ್ತಿನಲ್ಲೇ. ಹಾಗಂತ ಎಲ್ಲರೂ ಡೀಸೆಲ್ ತೆಗೆದುಕೊಳ್ಳಿ ಅನ್ನುವುದಿಲ್ಲ. ಬಿಎಸ್6 ಅನ್ನುವ ಈಗಿನ ಹೊಗೆ ನಿಯಮದ ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಎಂಜಿನ್ ಚೆನ್ನಾಗಿ ಕಾದು ಒಂದೇ ಸಮನೆ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಶಿವಮೊಗ್ಗ ಪೇಟೆಯೊಳಗೇ ಮನೆಯಿಂದ ಶಾಲೆ, ಶಾಲೆಯಿಂದ ಅಂಗಡಿ ಅಂತ ಮೂರು ನಾಲ್ಕು ಕಿಲೋಮೀಟರ್ ಓಡಿಸುವವರಿಗೆ ಅದು ಕಟ್ಟಿಕೊಂಡು ಕಿರಿಕಿರಿ. ಅವರಿಗೆ ಪೆಟ್ರೋಲೇ ಒಳ್ಳೆಯದು. ನಮಗೆ ಮಂಡಗದ್ದೆ, ಗಾಜನೂರು ಮಾರ್ಗವಾಗಿ ತುಂಗೆಯ ಪಕ್ಕದಲ್ಲೇ ಒಂದು ಗಂಟೆಗೂ ಮೀರಿದ ಓಡಾಟ ವಾರಕ್ಕೆ ಮೂರು ದಿನ ಇದ್ದೇ ಇದೆ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ವ್ಯವಸ್ಥೆಯ ಬಗ್ಗೆ ನನಗೊಂದು ತಪ್ಪು ನಂಬಿಕೆ ಇತ್ತು. ಜಾರುವ ಇಳುಕಲಿನಲ್ಲೂ ಅದು ಕಾಯುತ್ತದೆ ಅಂದುಕೊಂಡಿದ್ದೆ. ಹತ್ತುವಾಗ ಅದು ದೊಡ್ಡ ಉಪಕಾರ, ನಮ್ಮ ಸಂಕದಾಚೆಯ ಏರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಿಲ್ಲಿಸುವಾಗ ಮಾತ್ರ ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ, ಹಿಡಿತ ಕೊಡುವುದು ಟಯರು.

ನನ್ನ ಹೆಂಡತಿ ನೋಡಿದ್ದೇ ಬೇರೆ. ಅವಳು ಕಾರಿನೊಳಗೆ ಕೂತು ಮೊದಲು ಕೇಳಿದ್ದು, "ಗಾಜಿನ ಮಂಜು ತೆಗೆಯೋ ಸ್ವಿಚ್ ಎಲ್ಲಿದೆ?" ಜುಲೈ ತಿಂಗಳ ಸಂಜೆ ಏಳೂವರೆಗೆ ಮಂಡಗದ್ದೆ ದಾಟಿ ಬರುವವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಹೊರಗೆ ಮಳೆ, ಒಳಗೆ ಒದ್ದೆ ಛತ್ರಿ, ಉಸಿರಿಗೇ ಗಾಜು ಬೆಳ್ಳಗಾಗುತ್ತದೆ. ಆಗ ದೊಡ್ಡ ಪರದೆಯೊಳಗೆ ಬೆರಳಿಟ್ಟು ಹುಡುಕುವುದು ಅಪಾಯ. ಹಾಗಾಗಿ ಪ್ರತಿ ಕಾರಿನಲ್ಲೂ ಅವಳು ಕಣ್ಣು ರಸ್ತೆ ಮೇಲಿಟ್ಟು, ಒದ್ದೆ ಬೆರಳಿನಲ್ಲಿ ಆ ಕೆಲಸ ಮಾಡಿ ನೋಡಿದಳು. ನೀರಿನ ಬಾಟಲಿ ಅವಳ ಬ್ಯಾಗಿನಲ್ಲೇ ಇತ್ತು. ನಾವು ನೋಡಿದ ಕ್ಯೂ5ರಲ್ಲಿ ಎ.ಸಿ.ಗೆ ಕೈಯಲ್ಲಿ ತಿರುಗಿಸುವ ಗುಬುಟುಗಳೇ ಇದ್ದವು, ಅದು ಅವಳಿಗೆ ಬಹಳ ಹಿಡಿಸಿತು. ಇದೊಂದು ಅಂಶದಲ್ಲಿ ನಾವು ಕೊನೆಗೆ ಸ್ವಲ್ಪ ರಾಜಿ ಮಾಡಿಕೊಂಡೆವು ಅನ್ನುವುದು ನಿಜ.

ಹಿಂದಿನ ಸೀಟು ಅಂದರೆ ಮೂರು ಜನರದ್ದು ಅಂತ ಹೇಳುತ್ತಾರೆ. ಇಂಥ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಕಂಬಿಗಾಗಿ ನೆಲದ ನಡುವೆ ಎತ್ತರದ ಉಬ್ಬು ಇರುತ್ತದೆ. ನಡುವೆ ಕೂತವರು ಕಾಲು ಎರಡು ಕಡೆಗೆ ಹಾಕಿಕೊಂಡೇ ಕೂರಬೇಕು. ಮಗಳ ಚೈಲ್ಡ್ ಸೀಟು ಐಸೋಫಿಕ್ಸ್ ಕೊಕ್ಕೆ ಇರುವ ಅಂಚಿನ ಜಾಗಕ್ಕೇ ಹೋಗಬೇಕು. ಅದನ್ನು ಮನೆಯಿಂದಲೇ ಹೊತ್ತುಕೊಂಡು ಹೋಗಿ ಎಲ್ಲ ಕಾರಿಗೂ ಸಿಕ್ಕಿಸಿ ನೋಡಿದೆವು. ಅದು ಕೂತ ಮೇಲೆ ನಡುವೆ ಉಳಿಯುವ ಜಾಗದಲ್ಲಿ ಹೆಂಡತಿ ಹತ್ತು ನಿಮಿಷ ಕೂತಳು. ಕೂತದ್ದು ಮುಖದಲ್ಲೇ ಗೊತ್ತಾಯಿತು. ಅಮ್ಮ ಮುಂದಿನ ಸೀಟಿಗೆ ಅಂತ ಆವತ್ತೇ ತೀರ್ಮಾನವಾಯಿತು. ಐವರೂ ದಿನಾ ದೂರ ಓಡಾಡುವ ಮನೆಯಾದರೆ ಈ ನಾಲ್ಕನ್ನೂ ಬಿಟ್ಟು ಏಳು ಸೀಟಿನದ್ದು ನೋಡುವುದೇ ಸರಿ. ನಮಗೆ ಐವರ ಪ್ರಯಾಣ ತಿಂಗಳಿಗೆ ಒಂದೆರಡು ಸಲ ಮಾತ್ರ.

ಅಮ್ಮನ ಪರೀಕ್ಷೆ ಚಿಕ್ಕದು. ಬಾಗಿಲು ತೆಗೆದು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬೇಕು. ಸೀಟು ತೀರಾ ಕೆಳಗಿದ್ದರೆ ಏಳುವಾಗ ಮಂಡಿಗೆ ಭಾರ, ತೀರಾ ಮೇಲಿದ್ದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಹೊಸಿಲಿನ ಅಗಲವೂ ಮುಖ್ಯ ಅಂತ ನನಗೆ ಹೊಳೆದಿರಲಿಲ್ಲ, ಅಮ್ಮ ತೋರಿಸಿದಳು. ಅಗಲ ಹೊಸಿಲಿಗೆ ಕೆಸರು ಸಿಡಿದಿದ್ದರೆ ಇಳಿಯುವಾಗ ಸೀರೆಯ ಹಿಂಭಾಗವೆಲ್ಲ ಕೆಸರು. ಬಾಗಿಲೇ ಕೆಳಗಿನವರೆಗೆ ಬಂದು ಹೊಸಿಲು ಮುಚ್ಚಿಕೊಳ್ಳುವ ಕಾರಿನಲ್ಲಿ ಆ ತಾಪತ್ರಯವಿಲ್ಲ.

ದಬ್ಬೆ ತಾಗಿದ್ದನ್ನು ಬಿಟ್ಟರೆ ಉಳಿದದ್ದು ಮೂರು. ಷೋರೂಮಿನವರು ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಓಡಿಸಿ ನೋಡಿ ಅಂದರು. ನನಗೆ ಬೇಕಾದದ್ದು ಆಗುಂಬೆ ಘಾಟಿ. ಒಬ್ಬರು ಆಗುವುದೇ ಇಲ್ಲ ಅಂದರು, ಆ ಕಾರನ್ನು ಅಲ್ಲಿಗೇ ಬಿಟ್ಟೆ. ಉಳಿದ ಇಬ್ಬರು ಒಪ್ಪಿದರು. ಆಗಸ್ಟ್ ತಿಂಗಳಲ್ಲಿ ನೆಂಟರ ಮನೆಗೆ ಹೆಬ್ರಿಗೆ ಹೋಗಿದ್ದಾಗ ಒಂದೊಂದು ದಿನ ಒಂದೊಂದು ಕಾರು ಅಲ್ಲಿಗೇ ತಂದರು. ಸೋಮೇಶ್ವರ ದಾಟಿ ಹದಿನಾಲ್ಕು ತಿರುವು ಹತ್ತಿ, ಆಗುಂಬೆಯಲ್ಲಿ ಕಾಫಿ ಕುಡಿದು ಇಳಿದೆವು. ಎರಡು ದಿನವೂ ಮಳೆ, ಮಂಜು. ಹೋಗುವಾಗ ನಾನು ಓಡಿಸಿದೆ, ಬರುವಾಗ ಹೆಂಡತಿಗೆ ಕೊಟ್ಟು ಹಿಂದೆ ಕೂತೆ. ಕಾರು ಆರಿಸುವವರು ಯಾರೇ ಆಗಲಿ, ಅರ್ಧ ದಾರಿ ಹಿಂದೆ ಕೂರಲೇಬೇಕು. ಎಂಜಿನ್ನಿನ ಮೇಲೆ ನನಗಿದ್ದ ಮೋಹ ಅಲ್ಲಿ ಇಳಿಯಿತು.

ನಮ್ಮ ಮಗನಿಗೆ ಘಾಟಿಯಲ್ಲಿ ವಾಂತಿ ಬರುತ್ತದೆ. ಕಣ್ಣಿಗೆ ಕಾಣುವುದು ಎದುರಿನ ಸೀಟಿನ ಬೆನ್ನು, ಅದು ಅಲುಗುವುದಿಲ್ಲ. ಒಳಕಿವಿಗೆ ಮಾತ್ರ ದೇಹ ತಿರುಗುತ್ತಿರುವುದು ಗೊತ್ತಾಗುತ್ತದೆ. ಎರಡಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಮಗುವಿನ ಕಣ್ಣಿನ ಎತ್ತರಕ್ಕೆ ಕಿಟಕಿ ಇದೆಯಾ, ಎದುರಿನ ರಸ್ತೆ ಕಾಣುತ್ತದಾ ಅನ್ನುವುದು ಸೀಟಿನ ಚರ್ಮಕ್ಕಿಂತ ದೊಡ್ಡ ಸುಖ. ಮೊದಲ ದಿನ ಐದನೇ ತಿರುವಿಗೇ "ಅಪ್ಪಾ, ಕಾರು ನಿಲ್ಲಿಸು" ಅಂದ. ಹಿಂದೆ ಇಣುಕಿದ ಅಮ್ಮ, "ಇಲ್ಲಿಂದ ಹೊರಗೆ ಎಂತದೂ ಕಾಣದೇ ಇಲ್ಲ ಮಾರಾಯ, ಮಗು ಎಂತ ಮಾಡ್ತದೆ?" ಅಂದಳು. ಮರುದಿನದ ಕಾರಿನಲ್ಲಿ ಆಗುಂಬೆ ಬರುವವರೆಗೂ ಮಂಗಗಳನ್ನು ಎಣಿಸುತ್ತಾ ಕೂತಿದ್ದ. ಎರಡರ ಟಯರಿನ ಅಳತೆ ಬೇರೆ ಇತ್ತು, ಹಾಗಾಗಿ ಎಲ್ಲವನ್ನೂ ಕಾರಿನ ಮೇಲೆಯೇ ಹಾಕಲಾರೆ. ಆದರೆ ನಮ್ಮ ಮನೆಯಲ್ಲಿ ಅದಾದ ಮೇಲೆ ಚರ್ಚೆ ನಡೆಯಲಿಲ್ಲ. ಎರಡನೇ ದಿನದ ಆ ಕಾರು ಜಿಎಲ್‌ಸಿ 220ಡಿ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಬುಕ್ ಮಾಡಲು ಕೈ ಹಾಕಿದ್ದಾಗ ಜಿಎಸ್‌ಟಿ ಇಳಿಯುವ ಸುದ್ದಿ ಬಂತು, ಕಾದೆವು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳಿಗೆ ಸೆಸ್ಸೂ ಸೇರಿ ಶೇಕಡ 50 ಇದ್ದ ತೆರಿಗೆ 40 ಆಯಿತು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡ 18, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. 70 ಲಕ್ಷದ ಕಾರಿಗೆ ಇದೊಂದೇ ಹತ್ತಿರಹತ್ತಿರ 14 ಲಕ್ಷ. ಷೋರೂಮಿನ ಬೆಲೆ ನೋಡಿ ಮನಸ್ಸು ಗಟ್ಟಿ ಮಾಡಿಕೊಂಡು, ಕೊನೆಗೆ ಈ ಅಂಕಿ ಕಂಡು ಕುಸಿಯಬೇಡಿ. ಇನ್ನೊಂದು, 10 ಲಕ್ಷ ಮೀರಿದ ಕಾರಿಗೆ ಶೇಕಡ 1 ಟಿಸಿಎಸ್ ಅಂತ, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ ಅಂತ ಹಿಡಿಯುತ್ತಾರೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಅಂತ ರಿಟರ್ನ್ಸ್ ಹಾಕದೇ ಇರುವ ನಮ್ಮಂಥವರು, ಆ ದುಡ್ಡು ವಾಪಸು ಬೇಕಾದರೆ ಆ ವರ್ಷ ರಿಟರ್ನ್ಸ್ ಹಾಕಲೇಬೇಕು.

ಈಗ ಎಂಟು ಸಾವಿರ ಕಿಲೋಮೀಟರ್ ಓಡಿದೆ. ಲೀಟರಿಗೆ ಹದಿಮೂರರಿಂದ ಹದಿನಾಲ್ಕು ಸಿಗುತ್ತಿದೆ. ಸರ್ವಿಸ್ಸಿಗೆ ಘಟ್ಟ ಇಳಿಯಬೇಕು, ಆವತ್ತಿನ ಒಂದು ದಿನ ಪೂರ್ತಿ ಅದಕ್ಕೇ. ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಕಾರು ನಿಲ್ಲಿಸುತ್ತಿದ್ದವನು ಈಗ ಅಂಗಳದ ಆಚೆ ಬದಿಗೆ ಶೀಟು ಹಾಕಿಸಿದ್ದೇನೆ, ಅಟ್ಟದ ಇಲಿ ಹಳೇ ಕಾರಿನ ವೈರು ಎರಡು ಸಲ ಕಡಿದಿತ್ತು. ಉಣಗೋಲಿನ ಕಂಬ ಆಚೆ ಹೋಗಿದೆ. ಸಂಕದ ಹತ್ತಿರದ ನಡುದಿಬ್ಬವನ್ನು ಕಾರು ಬರುವ ಹಿಂದಿನ ವಾರ ಗುದ್ದಲಿ ಹಿಡಿದು ಮೂರು ಬೆರಳಿನಷ್ಟು ಕೆತ್ತಿದ್ದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ಕೆತ್ತಬೇಕಾಗುತ್ತದೆ. ಅಳತೆಗೆ ಬೇಕು ಅಂತ ದಬ್ಬೆಯ ತುಂಡನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟಿದ್ದೇನೆ.