ಕಲಾ ವಿಭಾಗದ ಪಿಯು ಕಾಲೇಜು ಕಟ್ಟುವವರಿಗೆ

ಮೊದಲು ತೀರ್ಮಾನವಾಗಬೇಕಾದದ್ದು ಕಟ್ಟಡವಲ್ಲ, ಕಾಂಬಿನೇಷನ್, ಅಂದರೆ ಕಲಿಸುವ ನಾಲ್ಕು ಐಚ್ಛಿಕ ವಿಷಯಗಳ ಗುಂಪು. ಎಷ್ಟು ಉಪನ್ಯಾಸಕರು ಬೇಕು, ಲ್ಯಾಬ್ ಬೇಕೇ ಬೇಡವೇ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ (ಎಚ್‌ಇಪಿಎಸ್) ಆದರೆ ಲ್ಯಾಬ್ ಬೇಕಿಲ್ಲ. ಅದಕ್ಕೇ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಪಕ್ಕದ ಕಾಲೇಜಿನಲ್ಲೂ ಅದೇ ಇರುತ್ತದೆ. ಕಲಾ ವಿಷಯಗಳನ್ನೇ ನಂಬಿ ಹೊರಟವರು ಭೂಗೋಳವನ್ನೋ ಮನಃಶಾಸ್ತ್ರವನ್ನೋ ಸೇರಿಸಿಕೊಳ್ಳುವುದು ಮೇಲು. ಇವೆರಡರಲ್ಲೂ 70 ಅಂಕ ಲಿಖಿತ, 30 ಪ್ರಾಯೋಗಿಕ. ಲ್ಯಾಬ್ ಇಲ್ಲದ ವಿಷಯಗಳಿಗೆ 80 ಲಿಖಿತ, 20 ಆಂತರಿಕ.

ಭೂಗೋಳದ ಲ್ಯಾಬ್‌ಗೆ ದೊಡ್ಡ ಖರ್ಚಿಲ್ಲ, ಆದರೆ ಸಾಮಾನು ತರುವಾಗಲೇ ಎಡವಟ್ಟಾಗುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಸ್ಥಳವರ್ಣನ ನಕ್ಷೆಗಳನ್ನು (ಟೋಪೋಶೀಟ್) ಹತ್ತು ಊರಿನವು ಹತ್ತು ತಂದಿಟ್ಟರೆ ತರಗತಿಯಲ್ಲಿ ಒಂದೊಂದು ಜೋಡಿಯ ಮುಂದೆ ಒಂದೊಂದು ಊರಿನ ನಕ್ಷೆ. ಪಾಠ ಮಾಡುವುದು ಯಾವುದನ್ನು ತೋರಿಸಿ? 20 ಮಕ್ಕಳ ಬ್ಯಾಚ್‌ಗೆ ಒಂದೇ ಹಾಳೆಯ 10 ಪ್ರತಿ ತನ್ನಿ, ಇಬ್ಬರಿಗೊಂದು. ಗುಡ್ಡವಿರುವ ಊರಿನ ಹಾಳೆಯೇ ಆಗಲಿ. ಬಯಲುಸೀಮೆಯ ಹಾಳೆಯಲ್ಲಿ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ದೂರದೂರ ಇರುವುದರಿಂದ, ನೆಲದ ಏರಿಳಿತ ತೋರಿಸುವ ಅಡ್ಡಕೊಯ್ತದ ಚಿತ್ರ ಬರೆಸಿದರೆ ಬರೀ ಚಪ್ಪಟೆ ಗೆರೆ ಬರುತ್ತದೆ. ನಕ್ಷೆಯ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಎಂಬುದನ್ನು ಮೊದಲ ದಿನವೇ ದಾರದಿಂದ ಅಳೆಸಿ.

ಎರಡು ಭಾಷೆ, ನಾಲ್ಕು ಐಚ್ಛಿಕ ಎಂದರೆ ಆರು ಉಪನ್ಯಾಸಕರು. ಆಯಾ ವಿಷಯದಲ್ಲೇ ಸ್ನಾತಕೋತ್ತರ ಪದವಿ, ಜೊತೆಗೆ ಬಿ.ಎಡ್. ಇರುವವರನ್ನು ಹುಡುಕಿ. ಭಾಷೆಗೆ ವಾರಕ್ಕೆ 4, ಐಚ್ಛಿಕಕ್ಕೆ 5 ಪಿರಿಯಡ್ ಹಾಕಿದರೆ ಒಟ್ಟು 28. ಒಂದೇ ಸೆಕ್ಷನ್ ಇದ್ದಾಗ ಇತಿಹಾಸದವರಿಗೆ ಕಾಲೇಜು ಶುರುವಾದ ಮೊದಲ ವರ್ಷ 5 ಪಿರಿಯಡ್, ಎರಡನೇ ವರ್ಷ ಎರಡೂ ತರಗತಿ ಸೇರಿ 10. ಇಷ್ಟಕ್ಕೆ ಪೂರ್ತಿ ಸಂಬಳ ಕೊಡಲು ಕೈ ಹಿಂಜರಿದು ಆಡಳಿತ ಮಂಡಳಿ ಅವರಿಗೇ ರಾಜ್ಯಶಾಸ್ತ್ರವನ್ನೂ ಹೊರಿಸುತ್ತದೆ. ಕಲಾ ವಿಭಾಗ ಸೊರಗುವುದು ಇಲ್ಲಿಂದಲೇ. ಅದರ ಬದಲು ಅರೆಕಾಲಿಕವಾಗಿ ನೇಮಿಸಿಕೊಳ್ಳಿ. ದಿನಕ್ಕೆ 6ರಂತೆ 36 ಪಿರಿಯಡ್‌ನಲ್ಲಿ ಉಳಿಯುವ 8ರ ಪೈಕಿ 3 ಬರವಣಿಗೆಗೇ ಮೀಸಲಿರಲಿ. ಗೊತ್ತಿದ್ದನ್ನೂ ಮಕ್ಕಳು ಗೈಡಿನ ಪಾಯಿಂಟ್‌ಗಳಂತೆ ಬರೆದು ದೀರ್ಘ ಉತ್ತರದಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಲೈಬ್ರರಿಯಲ್ಲಿ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಮಾಹಿತಿ ಕೊಡುವ ಸರ್ಕಾರಿ ಗ್ರಂಥ), ತಾಲೂಕಿನ ಶಾಸನಗಳಿರುವ ಸಂಪುಟ ಇರಲೇಬೇಕು.

ಇನ್ನು ಕಾಗದಪತ್ರ. ಟ್ರಸ್ಟ್ ಆದರೂ ಸರಿ, ಸಂಘವಾದರೂ ಸರಿ. ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಸದಸ್ಯರು ಬೇಕು. ಅರ್ಜಿ ಹಾಕುವುದು ಶಾಲಾ ಶಿಕ್ಷಣ ಇಲಾಖೆಯ (ಪದವಿ ಪೂರ್ವ) ಅಧಿಸೂಚನೆ ಬಂದಾಗ. ಜಾಗದ ದಾಖಲೆ ಅಥವಾ ನೋಂದಾಯಿತ ಬಾಡಿಗೆ ಕರಾರು, ಕಟ್ಟಡ ಭದ್ರತೆ, ಅಗ್ನಿ ಸುರಕ್ಷತೆ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಅಧಿಸೂಚನೆ ಬಂದಮೇಲೆ ಓಡಾಡಿದರೆ ಅಗ್ನಿಶಾಮಕದವರ ಪತ್ರಕ್ಕೆ ಕಾಯುವಷ್ಟರಲ್ಲೇ ಕೊನೆಯ ದಿನ ದಾಟಿಹೋಗಬಹುದು. ಡಿಡಿಪಿಯು (ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕಚೇರಿಯವರು ಸ್ಥಳ ನೋಡಲು ಬರುವ ಹೊತ್ತಿಗೆ ಡೆಸ್ಕು, ಕುಡಿಯುವ ನೀರು, ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಸಿದ್ಧವಿರಲಿ. ಅನುಮತಿ ಆದೇಶ ಕೈಗೆ ಬರುವ ಮುನ್ನ ಯಾರಿಂದಲೂ ಶುಲ್ಕ ಕಟ್ಟಿಸಿಕೊಳ್ಳಬೇಡಿ. ಆದೇಶವಿಲ್ಲದ ಕಾಲೇಜಿನ ಹೆಸರಲ್ಲಿ ಮಕ್ಕಳನ್ನು ಬೋರ್ಡ್ ಪರೀಕ್ಷೆಗೆ ನೋಂದಾಯಿಸಲು ಬರುವುದಿಲ್ಲ.