ಜೇಬಿಗೊಂದು ಮಲ್ಟಿಟೂಲ್: ನಾನು ಆರಿಸಿಕೊಂಡ ಬಗೆ

ಆರು ವರ್ಷಗಳಿಂದ ನನ್ನ ಬಲ ಜೇಬಿನಲ್ಲಿ ಒಂದು ಮಲ್ಟಿಟೂಲ್, ಅಂದರೆ ಹಲವು ಉಪಕರಣಗಳನ್ನು ಒಂದೇ ಹಿಡಿಕೆಯೊಳಗೆ ಮಡಚಿಡುವ ಸಾಧನ, ಇದ್ದೇ ಇರುತ್ತದೆ. ನನ್ನದು ಫೋಟೋ ತೆಗೆಯುವ ಕೆಲಸ. ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುವ ಪ್ಲೇಟ್ ಸಡಿಲವಾಗುತ್ತದೆ, ಲೈಟ್ ಸ್ಟ್ಯಾಂಡಿನ ನಟ್ ಕಳಚಿಕೊಳ್ಳುತ್ತದೆ, ದಿನವಿಡೀ ಟೇಪ್ ಕತ್ತರಿಸುವುದಿರುತ್ತದೆ. ಕೈಗೆ ಸಿಗುವ ಹಾಗೆ ಒಂದು ಸಾಧನ ಇದ್ದರೆ ಕೆಲಸ ನಿಲ್ಲುವುದಿಲ್ಲ. ಆದರೆ ಸರಿಯಾದದ್ದು ಸಿಗುವ ಮೊದಲು ನಾನು ಮೂರು ಬದಲಾಯಿಸಿದೆ.

ಮೊದಲನೆಯದು ದೊಡ್ಡದು. ಇಕ್ಕಳ, ಗರಗಸ, ಅರ, ಎರಡು ಚೂರಿ, ನಾಲ್ಕೈದು ಸ್ಕ್ರೂಡ್ರೈವರ್, ಎಲ್ಲವೂ ಇತ್ತು. ಈ ಅಳತೆಯ ಮಲ್ಟಿಟೂಲ್‌ಗಳು ಕಾಲು ಕೆಜಿಯ ಆಸುಪಾಸಿನಲ್ಲಿರುತ್ತವೆ. ಉದಾಹರಣೆಗೆ, ಲೆದರ್‌ಮನ್ ಕಂಪನಿಯ ವೇವ್ ಪ್ಲಸ್ 241 ಗ್ರಾಂ ಇದೆ. ಕಾಗದದ ಮೇಲೆ ಓದಿದಾಗ ಅದೇನೂ ಜಾಸ್ತಿ ಅನ್ನಿಸುವುದಿಲ್ಲ. ಜೇಬಿಗೆ ಹಾಕಿ ಮೆಟ್ಟಿಲು ಹತ್ತಿದಾಗ ತಿಳಿಯುತ್ತದೆ. ಪ್ಯಾಂಟ್ ಒಂದು ಕಡೆ ಜಗ್ಗುತ್ತಿತ್ತು, ಬಗ್ಗಿದರೆ ತೊಡೆಗೆ ಒತ್ತುತ್ತಿತ್ತು. ಮೂರನೇ ವಾರಕ್ಕೆ ಅದು ಬ್ಯಾಗಿಗೆ ಹೋಯಿತು. ಬ್ಯಾಗ್ ಕಾರಿನಲ್ಲಿ, ನಾನು ಏಣಿಯ ಮೇಲೆ. ಅಂದಮೇಲೆ ಇದ್ದೂ ಇಲ್ಲದ ಹಾಗೆ, ಅಲ್ವಾ?

ಎರಡನೆಯದು ಕೀ ಗೊಂಚಲಿಗೆ ಸಿಕ್ಕಿಸುವ ಪುಟ್ಟದು. ಜೇಬಿನಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ನೂಲು, ಪ್ಯಾಕೆಟ್ಟು, ಉಗುರಿಗೆ ಅದು ಸಾಕು. ಟ್ರೈಪಾಡ್ ಪ್ಲೇಟಿನ ಕಾಲು ಇಂಚಿನ ಸ್ಕ್ರೂ ಬಿಗಿ ಮಾಡಲು ಹೋದರೆ ಮಾತ್ರ ಅದರ ತೆಳ್ಳನೆ ತುದಿ ಸ್ಕ್ರೂ ತಲೆಯ ಕಚ್ಚಿನಲ್ಲಿ ನಿಲ್ಲದೆ ಜಾರುತ್ತಿತ್ತು. ಮೂರನೆಯದನ್ನು ಉಪಕರಣಗಳ ಸಂಖ್ಯೆ ನೋಡಿ ಕೊಂಡೆ. ಎರಡೇ ತಿಂಗಳಲ್ಲಿ ಅದರ ಸ್ಟಾರ್ ಸ್ಕ್ರೂಡ್ರೈವರಿನ ಮೂಲೆಗಳು ಸವೆದು ದುಂಡಗಾದವು. ಅಂಥ ತುದಿ ತನ್ನ ಜೊತೆಗೆ ಸ್ಕ್ರೂವಿನ ತಲೆಯನ್ನೂ ಹಾಳು ಮಾಡುತ್ತದೆ.

ಆಮೇಲೆ ಕೊಳ್ಳುವುದನ್ನು ನಿಲ್ಲಿಸಿ, ಬರೆಯಲು ಶುರು ಮಾಡಿದೆ. 30 ದಿನ ಒಂದು ಸಣ್ಣ ಪುಸ್ತಕ ಇಟ್ಟುಕೊಂಡೆ. ಯಾವಾಗ ಏನು ಬೇಕಾಯಿತು, ಆಗ ನಾನು ಎಲ್ಲಿದ್ದೆ, ಇಷ್ಟೇ. ತಿಂಗಳು ಮುಗಿದಾಗ ಕತ್ತರಿಸುವ ಕೆಲಸ 41 ಸಲ ಬಂದಿತ್ತು. ಚಪ್ಪಟೆ ಸ್ಕ್ರೂಡ್ರೈವರ್ 17, ಸ್ಟಾರ್ 9, ಇಕ್ಕಳ 4, ತೂತು ಕೊರೆಯುವುದು 3. ಗರಗಸ ಮತ್ತು ಅರ ಒಂದು ಸಲವೂ ಇಲ್ಲ. ಆ 41ರಲ್ಲೂ ಅರ್ಧಕ್ಕಿಂತ ಜಾಸ್ತಿ ಸಲ ನನಗೆ ಬೇಕಾಗಿದ್ದು ಚೂರಿ ಅಲ್ಲ, ಕತ್ತರಿ. ಇದನ್ನು ನಾನು ಊಹಿಸಿರಲಿಲ್ಲ. ಇನ್ನೊಂದು ವಿಷಯ: ಇಕ್ಕಳ ಬೇಕಾದ ನಾಲ್ಕೂ ಸಲ ನಾನು ಶೂಟಿಂಗ್ ಜಾಗದಲ್ಲೇ ಇದ್ದೆ, ಸಾಮಾನಿನ ಬ್ಯಾಗ್ ಪಕ್ಕದಲ್ಲೇ ಇತ್ತು.

ಅಲ್ಲಿಗೆ ನನ್ನ ಆಯ್ಕೆ ಹೆಚ್ಚುಕಡಿಮೆ ತೀರ್ಮಾನವಾಯಿತು. ಏಕೆಂದರೆ ಈ ಸಾಧನಗಳಲ್ಲಿ ಎರಡು ಮನೆತನಗಳಿವೆ. ಒಂದು ಚೂರಿಯಿಂದ ಬೆಳೆದದ್ದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ತನ್ನ ಆಫೀಸರ್ ಚಾಕುವನ್ನು, ಅಂದರೆ ಇವತ್ತಿನ ಸ್ವಿಸ್ ಆರ್ಮಿ ಚಾಕುವಿನ ಮೂಲರೂಪವನ್ನು, ನೋಂದಾಯಿಸಿದ. ಒಂದೇ ಸ್ಪ್ರಿಂಗ್ ಹಿಡಿಕೆಯ ಎರಡೂ ಬದಿಯ ಉಪಕರಣಗಳನ್ನು ಹಿಡಿದಿಡುವ ಹಾಗೆ ಮಾಡಿದ್ದು ಅವನ ಜಾಣತನ. ಅದರಿಂದಲೇ ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಹಿಡಿಸುತ್ತದೆ. ಇನ್ನೊಂದು ಇಕ್ಕಳದಿಂದ ಬೆಳೆದದ್ದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಕಾರೊಂದರಲ್ಲಿ ಯುರೋಪ್ ಸುತ್ತುವಾಗ ಅವರ ಬಳಿ ಜೇಬಿನ ಚಾಕು ಇತ್ತು, ಇಕ್ಕಳ ಇರಲಿಲ್ಲ. ಕಾರು ಕೈಕೊಟ್ಟಾಗಲೆಲ್ಲ ಬೇಕೆನ್ನಿಸಿದ್ದು ಅದೇ. 1983ರಲ್ಲಿ ಅವರ ಮೊದಲ ಟೂಲ್ ಮಾರುಕಟ್ಟೆಗೆ ಬಂತು. ಅದರ ನಡುವೆ ಇಕ್ಕಳ, ಹಿಡಿಕೆಗಳೊಳಗೆ ಉಳಿದದ್ದೆಲ್ಲ. ಇಕ್ಕಳ ಅಂದರೆ ಗಟ್ಟಿ ದವಡೆ, ಗಟ್ಟಿ ಹಿಡಿಕೆ, ಅಂದರೆ ತೂಕ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಬರಿಗೈಯಲ್ಲಿ ಓಡಾಡುವಾಗಲೂ ನನಗೆ ಇಕ್ಕಳ ಬೇಕಾ? ವೈರಿಂಗ್ ಕೆಲಸದವರು, ಸೈಕಲ್ ಜಾಸ್ತಿ ತುಳಿಯುವವರು ಬೇಕು ಅಂದರೆ ಅದು ಸರಿಯೇ. ಅವರು ತೂಕ ಸಹಿಸಿಕೊಂಡು ಬೆಲ್ಟಿನ ಚೀಲದಲ್ಲಿ ಇಟ್ಟುಕೊಳ್ಳಲಿ. ನನಗೆ ಬೇಡವಾಗಿತ್ತು.

ಕೊನೆಗೆ ತೆಗೆದುಕೊಂಡದ್ದು ಎಲ್ಸೆನರ್‌ನ ಕಂಪನಿಯಾದ ವಿಕ್ಟೋರಿನಾಕ್ಸ್‌ನ ಕ್ಲೈಂಬರ್. ಮಡಚಿದಾಗ 91 ಮಿಲಿಮೀಟರ್ ಉದ್ದ, ತೂಕ ಸುಮಾರು 80 ಗ್ರಾಂ. ಎರಡು ಚೂರಿ, ಕತ್ತರಿ, ಎರಡು ಚಪ್ಪಟೆ ಸ್ಕ್ರೂಡ್ರೈವರ್ ತುದಿ, ತೂತು ಕೊರೆಯುವ ಮೊನೆ, ಬಿರಡೆ ತೆಗೆಯುವ ಸುರುಳಿ, ಒಂದು ಕೊಕ್ಕೆ. ಸ್ಟಾರ್ ಸ್ಕ್ರೂಡ್ರೈವರ್ ಬೇರೆಯಾಗಿ ಇಲ್ಲ. ಆದರೆ ಡಬ್ಬಿ ತೆರೆಯುವ ಉಪಕರಣದ ಕಿರಿದಾದ ತುದಿ ಸಾಮಾನ್ಯ ಸ್ಟಾರ್ ಸ್ಕ್ರೂಗಳಲ್ಲಿ ಚೆನ್ನಾಗಿ ಕೂರುತ್ತದೆ. ಬಾಟಲಿ ಮುಚ್ಚಳ ತೆಗೆಯುವುದರ ಅಗಲ ತುದಿ ನನ್ನ ಟ್ರೈಪಾಡ್ ಪ್ಲೇಟಿನ ಸ್ಕ್ರೂ ಕಚ್ಚಿಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಅರ್ಧ ಬಿಚ್ಚಿ, ಹಿಡಿಕೆಗೆ ಅಡ್ಡವಾಗಿ ನಿಲ್ಲಿಸಿ ತಿರುಗಿಸುತ್ತೇನೆ. ಆಗ ಇಡೀ ಹಿಡಿಕೆ ಸನ್ನೆಯಾಗುತ್ತದೆ, ಎರಡು ಬೆರಳ ಬಲ ಸಾಕು. ಇಕ್ಕಳವಿರುವ ದೊಡ್ಡದು ಸಾಮಾನಿನ ಬ್ಯಾಗಿನಲ್ಲೇ ಉಳಿಯಿತು, ಅಲ್ಲಿ ಅದಕ್ಕೆ ನಿಜವಾದ ಕೆಲಸ ಇದೆ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ. ನಾನು ಮೊದಲು ಕತ್ತರಿ ನೋಡುತ್ತೇನೆ. ಒಂದು ತೆಳು ಪ್ಲಾಸ್ಟಿಕ್ ಚೀಲದ ಅಂಚನ್ನು ಕತ್ತರಿಯ ತುದಿಯಿಂದ ಮಾತ್ರ ಕತ್ತರಿಸಿ ನೋಡುತ್ತೇನೆ. ಎರಡು ಅಲಗು ಸರಿಯಾಗಿ ಉಜ್ಜಿಕೊಳ್ಳದಿದ್ದರೆ ಪ್ಲಾಸ್ಟಿಕ್ ಮಡಚಿಕೊಂಡು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ದಪ್ಪ ಕಾಗದ ಎಂಥ ಕತ್ತರಿಯಲ್ಲೂ ಕತ್ತರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಪ್ರತಿಯೊಂದು ಉಪಕರಣವನ್ನೂ ಬಿಚ್ಚಿ ಪಕ್ಕಕ್ಕೆ ಅಲ್ಲಾಡಿಸುತ್ತೇನೆ. ಬೆರಳಿಗೆ ಗೊತ್ತಾಗುವಷ್ಟು ಅಲುಗಿದರೆ ಬೇಡ. ಮುಚ್ಚಿದ ಟೂಲನ್ನು ಬೆಳಕಿಗೆ ಹಿಡಿದು ಪದರಗಳ ನಡುವಿನ ಸಂದು ಸಮವಾಗಿದೆಯಾ ಅಂತಲೂ ನೋಡಿ. ಉಗುರಿನಿಂದ ಬಿಚ್ಚಲು ತೀರಾ ಬಿಗಿಯಾಗಿದ್ದರೆ ಕೈ ಒದ್ದೆಯಾದಾಗ ಇನ್ನೂ ಕಷ್ಟ. ಇದೆಲ್ಲಕ್ಕೂ ಐದು ನಿಮಿಷ ಸಾಕು.

ಚೂರಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಚಾಕುಗಳಲ್ಲಿ ಅಲಗನ್ನು ತೆರೆದು ನಿಲ್ಲಿಸುವುದು ಸ್ಪ್ರಿಂಗಿನ ಒತ್ತಡ ಮಾತ್ರ, ಲಾಕ್ ಇರುವುದಿಲ್ಲ. ನನ್ನ ಹಳೆಯ ಟೂಲ್ ಕೂಡ ಹಾಗೇ ಇತ್ತು. ಒಮ್ಮೆ ರಟ್ಟಿನ ಪೆಟ್ಟಿಗೆಗೆ ತೂತು ಮಾಡಲು ಚೂರಿಯ ಮೊನೆ ಚುಚ್ಚಿ ತಳ್ಳಿದೆ. ಮೊನೆ ಸಿಕ್ಕಿಕೊಂಡಿತು, ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿನ ಗೆಣ್ಣಿಗೆ ಇಳಿಯಿತು. ಎರಡು ಹೊಲಿಗೆ ಬಿತ್ತು. ಈಗ ಚೂರಿಯನ್ನು ಎಳೆದು ಕತ್ತರಿಸಲು ಮಾತ್ರ ಬಳಸುತ್ತೇನೆ. ತೂತು ಬೇಕಾದರೆ ಕೊರೆಯುವ ಮೊನೆಯನ್ನು ತೆಗೆದು, ಒತ್ತುವುದಕ್ಕಿಂತ ತಿರುಗಿಸುತ್ತಾ ಒಳಗೆ ಇಳಿಸುತ್ತೇನೆ. ಚುಚ್ಚುವ ಕೆಲಸ ನಿಮಗೆ ಜಾಸ್ತಿ ಇದ್ದರೆ ಲಾಕ್ ಇರುವ ಅಲಗನ್ನೇ ಆರಿಸಿ. ಆದರೆ ಕೆಲವು ದೇಶಗಳಲ್ಲಿ ಲಾಕ್ ಇರುವ ಚೂರಿಯನ್ನು ಸುಮ್ನೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವಂತಿಲ್ಲ. ನಿಮ್ಮಲ್ಲಿನ ನಿಯಮ ನೋಡಿಕೊಂಡೇ ಕೊಳ್ಳಿ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಆ ಕೀ ಗೊಂಚಲಿನ ಪುಟ್ಟ ಟೂಲನ್ನು ನಾನು ಕಳೆದುಕೊಂಡದ್ದು ತಪಾಸಣೆಯ ಸಾಲಿನಲ್ಲೇ.

ಉಕ್ಕಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೆಸರಿರುವ ತಯಾರಕರ ಸ್ಟೇನ್‌ಲೆಸ್ ಸ್ಟೀಲ್ ದಿನಬಳಕೆಗೆ ಸಾಕು. ಬೇಗ ಮೊಂಡಾದರೂ ಬೇಗ ಸಾಣೆಗೆ ಬರುತ್ತದೆ. ಒಂದೊಂದು ಬದಿಗೆ 20 ಡಿಗ್ರಿಯ ಹಾಗೆ ಹಿಡಿದು ಸಾಣೆಕಲ್ಲಿಗೆ ನಾಲ್ಕೈದು ಸಲ ಎಳೆದರೆ ಹರಿತವಾಗುತ್ತದೆ. ಜೇಬಿನ ನೂಲಿನ ಧೂಳು ಮಾತ್ರ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಎಲ್ಲವನ್ನೂ ಹತ್ತು ಸಲ ತೆರೆದು ಮುಚ್ಚಿ, ಪೂರ್ತಿ ಒಣಗಿಸಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡುತ್ತೇನೆ.

ಹೋದ ವರ್ಷ ಮತ್ತೆ 30 ದಿನ ಬರೆದೆ. ಈ ಸಲ ಹೊಸದೊಂದು ಸೇರಿತ್ತು, ಕನ್ನಡಕದ ಸ್ಕ್ರೂ. ನನ್ನದೂ ಜೊತೆಯವರದೂ ಸೇರಿ ಐದು ಸಲ. ಅದಕ್ಕೆ ಕ್ಲೈಂಬರಿನ ಯಾವ ತುದಿಯೂ ಹಿಡಿಸುವುದಿಲ್ಲ. ಬಿರಡೆ ಸುರುಳಿಯೊಳಗೆ ತಿರುಗಿಸಿ ಕೂರಿಸುವ ಪುಟ್ಟ ಸ್ಕ್ರೂಡ್ರೈವರ್ ಬೇರೆಯಾಗಿ ಸಿಗುತ್ತದೆ. ತಂದು ಹಾಕಿದೆ. ಅಲ್ಲಿಯವರೆಗೆ ಆ ಸುರುಳಿಯನ್ನು ನಾನು ಒಂದು ಸಲವೂ ಬಿಚ್ಚಿರಲಿಲ್ಲ.